ಬಿಸಿಲಲ್ಲಿ ಕಾಣದ ಉರಿ

"ನನ್ನ ಒಲೆ ಎಲ್ಲಿ?"

ಅಂಗಡಿಯ ಬಾಗಿಲಲ್ಲಿ ನಿಂತು ಅವಳು ಕೇಳಿದ ರೀತಿಗೆ, ಬೆಂಚಿನ ಮೇಲೆ ಕೂತಿದ್ದ ಇಬ್ಬರು ಗಿರಾಕಿಗಳು "ಆಮೇಲೆ ಬರ್ತೀವಿ" ಅಂತ ಮೆಲ್ಲಗೆ ಜಾಗ ಖಾಲಿ ಮಾಡಿದರು.

ಒಲೆ ರಿಪೇರಿಯವನು ಎಲ್ಲಿಗೆ ಹೋದಾನು, ಪಾಪ! ಸ್ಕ್ರೂಡ್ರೈವರ್ ಹಿಡಿದುಕೊಂಡೇ ಎದ್ದು ನಿಂತ.

"ಯಾವ ಒಲೆ?"

"ಯಾವ ಒಲೆನಾ? 'ನಿನಗಂತಲೇ ತೆಗೆದಿಟ್ಟಿದ್ದೀನಿ' ಅಂದ್ಯಲ್ಲ, ಆ ದೊಡ್ಡ ಗ್ಯಾಸ್ ಒಲೆ! ಈಗ ನಮ್ಮ ಚಿಕ್ಕಮ್ಮನ ಹಿತ್ತಲಲ್ಲಿ ಉರೀತಾ ಇದೆ. ನೀನೇ ಹೋಗಿ ಜೋಡಿಸಿ ಕೊಟ್ಯಂತೆ. ಸುಳ್ಳು ಅನ್ನು... ಒಂದು ಸಲ ಸುಳ್ಳು ಅನ್ನು!"

ಅವನು ಕಣ್ಣು ತಪ್ಪಿಸಿದ.

ಅಲ್ಲಿಯವರೆಗೂ ಅವಳಿಗೆ, ಚಿಕ್ಕಮ್ಮ ಏನೋ ಕಥೆ ಕಟ್ಟಿರಬಹುದು ಅನ್ನುವ ಒಂದು ಸಣ್ಣ ಆಸೆ ಇತ್ತು ನೋಡಿ, ಅದೂ ಹೋಯಿತು.

ಬೇರೆ ಯಾರಿಗೆ ಕೊಟ್ಟಿದ್ದರೂ ಅವಳು ಇಷ್ಟು ಕುದಿಯುತ್ತಿರಲಿಲ್ಲ. ಅಮ್ಮನಿಗೂ ಚಿಕ್ಕಮ್ಮನಿಗೂ ಮನೆ ಪಾಲಾದ ದಿನದಿಂದ ಮಾತಿಲ್ಲ. ಇಬ್ಬರದ್ದೂ ಒಂದೇ ಕೆಲಸ. ಚಿಕ್ಕಮ್ಮ ಹಣ್ಣನ್ನು ಬಾಟಲಿಗೆ ತುಂಬಿ ಮಾರುತ್ತಾಳೆ, ಅಮ್ಮ ಮಗಳು ಬೀನ್ಸ್ ತುಂಬುತ್ತಾರೆ. ಹಣ್ಣಿಗೆ ಹುಳಿ ಇದೆ, ತುಂಬಿದ ಬಾಟಲಿ ಕೆಡದಂತೆ ಬೇಯಿಸಲು ತೆರೆದ ಹಂಡೆಯ ಕುದಿನೀರು ಸಾಕು. ಬೀನ್ಸ್‌ಗೆ ಸಾಲದು. ಅದಕ್ಕೆ ಒತ್ತಡ ತೋರಿಸುವ ಮುಳ್ಳಿರುವ ದೊಡ್ಡ ಕುಕ್ಕರೇ ಬೇಕು.

ಹೋದ ಬೇಸಿಗೆಯಲ್ಲಿ ಅಡುಗೆಮನೆಯ ಸೆಕೆಗೆ ಅಮ್ಮ ತಲೆ ಸುತ್ತಿ ಬಿದ್ದಿದ್ದಳು. ಈ ಸಲ ಏನಿದ್ದರೂ ಹಿತ್ತಲಲ್ಲೇ ಅಂತ ತೀರ್ಮಾನವಾಗಿತ್ತು. ಆದರೆ ಉರಿ ಯಾವುದು? ಸೌದೆಗೆ ಮುಳ್ಳು ಒಂದು ಕಡೆ ನಿಲ್ಲುವುದಿಲ್ಲ. ಕರೆಂಟ್ ಒಲೆ ಗಾಳಿಗೆ ಬಿಸಿಯೇ ಏರುವುದಿಲ್ಲ.

"ಈ ಗ್ಯಾಸ್ ಒಲೆ ನೋಡು, ಇದಕ್ಕಿಂತ ಜೋರು ಬೆಂಕಿ ಊರಲ್ಲೇ ಇಲ್ಲ" ಅಂತ ಅವನು ಹೇಳಿದ್ದ. "ನಿನ್ನ ಕುಕ್ಕರ್ ಕೊಟ್ಟುಹೋಗು, ಇಟ್ಟು ನೋಡ್ತೀನಿ. ಭಾನುವಾರ ಒಲೆನೂ ತರ್ತೀನಿ, ಅಮ್ಮನ ಹತ್ತಿರ ನಮ್ಮ ವಿಷಯಾನೂ ಮಾತಾಡ್ತೀನಿ."

ಹಾಗಂದ ಬಾಯಿಗೆ ಈಗ ಬೀಗ!

"ಆಯ್ತು, ನನ್ನ ಕುಕ್ಕರ್ ಕೊಡು. ಸೌದೆ ಮೇಲೇ ಮಾಡ್ಕೋತೀನಿ."

"ಅದು... ಮುಚ್ಚಳದ ರಬ್ಬರ್ ಬದಲಾಯಿಸ್ತಾ ಇದ್ದೀನಿ. ಮಧ್ಯಾಹ್ನ ನಾನೇ ತರ್ತೀನಿ."

"ಕುಕ್ಕರೂ ಚಿಕ್ಕಮ್ಮನಿಗೇ ಕೊಟ್ಯಾ?"

"ದಯವಿಟ್ಟು... ಮಧ್ಯಾಹ್ನದವರೆಗೂ..."

"ಕುಕ್ಕರ್ ತಂದಿಟ್ಟು ಹೋಗು. ಭಾನುವಾರ ಬರೋದು ಬೇಡ!"

ಬೀದಿಯುದ್ದಕ್ಕೂ ಅವಳು ತಲೆಯೆತ್ತಿಯೇ ನಡೆದಳು. ಹಿತ್ತಲ ಬಾಗಿಲು ಹಾಕಿಕೊಂಡ ಮೇಲೆ ಮಾತ್ರ, ಬೀನ್ಸ್ ಬುಟ್ಟಿಯ ಮುಂದೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. 'ನಮ್ಮನೆ ಜಗಳ ಎಲ್ಲಾ ಹೇಳ್ಕೊಂಡಿದ್ದೆ. ಅಮ್ಮ ರಾತ್ರಿ ಅಳೋದನ್ನೂ ಹೇಳಿದ್ದೆ. ಎಲ್ಲಾ ಗೊತ್ತಿದ್ದೂ ಅಲ್ಲಿಗೇ ಹೋದನಲ್ಲ...'

"ಈರುಳ್ಳಿನೂ ಇಲ್ಲ, ಸೌದೆನೂ ಹಚ್ಚಿಲ್ಲ, ಯಾಕೆ ಕಣ್ಣೀರು?" ಅಂದಳು ಅಮ್ಮ.

"ಏನಿಲ್ಲಮ್ಮ."

ಅಮ್ಮ ಪಕ್ಕದಲ್ಲಿ ಕೂತು ಬೀನ್ಸ್ ನಾರು ತೆಗೆಯತೊಡಗಿದಳು.

ಮಧ್ಯಾಹ್ನ ಅವನು ಬಂದ. ಒಂದು ಕೈಯಲ್ಲಿ ಸಣ್ಣ ಒಲೆ, ಇನ್ನೊಂದರಲ್ಲಿ ಕುಕ್ಕರ್. ಅಮ್ಮನ ಕೈಯಲ್ಲಿದ್ದ ಬೀನ್ಸ್ ಕೆಳಗೆ ಬಿತ್ತು.

"ಇದು ನಮ್ಮತ್ತೆ ಕುಕ್ಕರ್ ಅಲ್ವಾ! ಪಾಲಿನಲ್ಲಿ ಇವಳ ಚಿಕ್ಕಮ್ಮ ತಗೊಂಡು ಹೋಗಿದ್ದಳಲ್ಲ... ನಿನ್ನ ಕೈಗೆ ಹೇಗೆ ಬಂತಪ್ಪ?"

ಅವನು ಅಮ್ಮನಿಗೆ ಉತ್ತರ ಕೊಟ್ಟರೂ ನೋಡಿದ್ದು ಮಗಳನ್ನೇ.

"ನಿಮ್ಮ ಕುಕ್ಕರ್ ನಾನು ಸುಟ್ಟುಹಾಕಿದೆ, ಅಮ್ಮ."

ಅವನು ಕುಕ್ಕರನ್ನು ಮೆಲ್ಲಗೆ ನೆಲಕ್ಕಿಟ್ಟ.

"ಅಂಗಡಿ ಮುಂದೆ ಸುಡುಬಿಸಿಲಲ್ಲಿ ಇಟ್ಟು ನೋಡ್ತಿದ್ದೆ. ಗ್ಯಾಸಿನ ನೀಲಿ ಉರಿ ಬಿಸಿಲಲ್ಲಿ ಕಣ್ಣಿಗೆ ಕಾಣಲ್ಲ. ಸಣ್ಣ ಮಾಡಿದ್ದೀನಿ ಅಂದ್ಕೊಂಡು ಗಿರಾಕಿ ಜೊತೆ ಮಾತಿಗೆ ನಿಂತೆ. ಬೀದಿ ಗಲಾಟೆಯಲ್ಲಿ ಒಲೆ ಸದ್ದೂ ಕೇಳಿಸಲಿಲ್ಲ. ನೀರೆಲ್ಲ ಆರಿ, ತಳ ಉಬ್ಬಿಹೋಯ್ತು. ಒಲೆ ರಿಪೇರಿ ಮಾಡೋನೇ ಉರಿ ನೋಡದೆ ಸುಟ್ಟೆ."

"ಮತ್ತೆ ಚಿಕ್ಕಮ್ಮ?" ಅವಳ ದನಿ ಒಡೆದಿತ್ತು.

"ಈ ಥರ ಕುಕ್ಕರ್ ಈಗ ಎಲ್ಲೂ ಸಿಗಲ್ಲ. ಅವರ ಅಟ್ಟದ ಮೇಲೆ ಸುಮ್ಮನೆ ಬಿದ್ದಿತ್ತು. ದೊಡ್ಡ ಒಲೆ ಕೊಟ್ರೆ ಬದಲಿಗೆ ಕೊಡ್ತೀನಿ ಅಂದ್ರು. ಅವರ ಹಂಡೆಗೆ ಆ ಜೋರೇ ಸರಿ. ಇದಕ್ಕೆ ಸಣ್ಣುರಿ ಬೇಕು, ಮುಳ್ಳು ಅಲ್ಲಾಡಬಾರದು. ನನಗೆ ಅದು ಮೊದಲೇ ಹೊಳೀಬೇಕಿತ್ತು. ಜಂಬ ಕೊಚ್ಚಿಕೊಳ್ಳೋ ಭರದಲ್ಲಿ..."

ಅಮ್ಮ ಕುಕ್ಕರಿನ ಹಿಡಿಯನ್ನು ಒಮ್ಮೆ ಸವರಿ, "ಬಾಟಲಿ ತೊಳ್ಕೊಂಡು ಬರ್ತೀನಿ" ಅಂತ ಒಳಗೆ ಹೋದಳು. ಬಾಟಲಿಗಳನ್ನು ಬೆಳಗ್ಗೆಯೇ ತೊಳೆದಾಗಿತ್ತು!

"ಕುಕ್ಕರ್ ಸುಟ್ಟಿದ್ದಕ್ಕೆ ನಾನು ಅತ್ತಿಲ್ಲ" ಅಂದಳು ಅವಳು. "ಚಿಕ್ಕಮ್ಮ ನಗ್ತಾ ಹೇಳಿದಳು, 'ನಿನ್ನ ಒಲೆಯವನು ಒಳ್ಳೆ ಕೆಲಸಗಾರ ಕಣೇ' ಅಂತ. ಅವಳ ಮುಂದೆ ನಾನು ಬೆಪ್ಪಿ ಹಾಗೆ ನಿಂತಿದ್ದೆ. ಸುಟ್ಟೆ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?"

"ನೀನು ಬೇಡ ಅಂದುಬಿಡ್ತೀಯ ಅಂತ ಭಯ ಆಯ್ತು."

"ನೀನು ಮುಚ್ಚಿಟ್ಟೆ. ಅದಕ್ಕೇ ನಾನು ಬೇಡ ಅಂದೆ."

ಅವನು ತಲೆ ತಗ್ಗಿಸಿದ. ಗೋಡೆಯ ನೆರಳಿಗೆ ಒಲೆ ಸರಿಸಿದ. ಗಾಳಿಗೆ ತಗಡು ಅಡ್ಡ ನಿಲ್ಲಿಸಿ, ಸಿಲಿಂಡರ್ ದೂರವಿಟ್ಟು ಹಚ್ಚಿದ. ನೆರಳಲ್ಲಿ ನೀಲಿ ಉರಿ ಸ್ಪಷ್ಟವಾಗಿ ಕಂಡಿತು. ಅವಳು ಬಾಟಲಿಗಳನ್ನು ಒಂದೊಂದಾಗಿ ಇಟ್ಟಳು, ಅವನು ಮುಚ್ಚಳ ಬಿಗಿದ. ಆವಿ ಬಂತು. ಮುಳ್ಳು ಮೇಲೇರಿ, ಬೇಕಾದ ಕಡೆ ನಿಂತಿತು.

ಆಗ ಅವನು ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡು ಎದ್ದ.

"ಕ್ಷಮಿಸಿದ್ಯಾ?"

"ಇಲ್ಲ."

"ಹಾಗಾದ್ರೆ... ಹೊರಡ್ತೀನಿ."

"ಕುಕ್ಕರ್ ಇಳಿಯೋವರೆಗೂ ಒಲೆ ಮುಂದಿಂದ ಏಳಬಾರದು. ಈಗಲೂ ಗೊತ್ತಾಗಿಲ್ವಾ?"

ಅವನು ತಟಕ್ಕನೆ ಕೂತ.

"ಇಳಿದ ಮೇಲೆ?"

"ನಾಳೆಗೆ ಇನ್ನೊಂದು ಬುಟ್ಟಿ ಇದೆ."

"ಅದೂ ಮುಗಿದ ಮೇಲೆ?"

ಅವಳು ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಕೆನ್ನೆ ಕೆಂಪಾಗಿದ್ದು ಬಿಸಿಗೋ, ಸಿಟ್ಟಿಗೋ... ನೀವೇ ಹೇಳಿ!

"ಆಗಲೂ ಇಲ್ಲೇ ಇರು. ಆದರೆ ಏನೇ ಸುಟ್ಟರೂ ಮೊದಲು ನನಗೆ ಹೇಳಬೇಕು."

"ಹೇಳ್ತೀನಿ" ಅಂದ ಅವನು. ಆಮೇಲೆ ಮೆಲ್ಲಗೆ, "ಮುಚ್ಚಳ ಬಿಗಿಯುವಾಗ ಹೆಬ್ಬೆರಳು ಸುಟ್ಟುಕೊಂಡೆ."

"ಅಯ್ಯೋ, ಆಗಲೇ ಹೇಳಬಾರದಾ! ಎಲ್ಲಿ... ಕೊಡು ಇಲ್ಲಿ."