ಉಮೆನೊ ಅಜ್ಜಿಯ ಮರುಕಾಣಿಕೆ

ಚಿಗುಸಾ ನಮ್ಮ ಪ್ರಯೋಗಾಲಯದ ಬಾಗಿಲಲ್ಲಿ ಬಂದು ನಿಂತಾಗ ಡಾಕ್ಟರ್ ನಿಶಿವಾಕಿ ಒಣಮೀನಿನ ಚೂರೊಂದನ್ನು ಅಗಿಯುತ್ತ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದರು. ಆ ಹುಡುಗಿಯ ನರ್ಸ್ ಟೋಪಿ ತಲೆಯ ಮೇಲಿರಲಿಲ್ಲ, ಕೈಯಲ್ಲಿ ಮುದುಡಿಕೊಂಡಿತ್ತು.

"ಡಾಕ್ಟ್ರೇ, ಉಮೆನೊ ಅಜ್ಜಿನ ನಾನೇ ಕೊಂದೆ ಅಂತಿದಾರೆ," ಎಂದಳು. "ನಾಳೆ ಪೊಲೀಸ್ನೋರು ಬರ್ತಾರಂತೆ. ಕೆಲಸ ಹೋದ್ರೆ ಹೋಗ್ಲಿ. ಜೈಲಿಗೆ ಹೋದ್ರೆ ನಮ್ಮಮ್ಮ ಬದುಕಲ್ಲ. ನಾನು ದಿನಾ ಕೊಟ್ಟಿದ್ದು ಒಂದೇ ಗುಳಿಗೆ."

"ಕೂತ್ಕೊ," ಎಂದರು ನಿಶಿವಾಕಿ. "ಶಿಗೆಕೊ, ಇವಳಿಗೆ ಚಹಾ ಕೊಡು."

ಶಿಗೆಕೊ ಎಂದರೆ ನಾನು. ಹೆಣ ಕೊಯ್ದು ಸಾವಿನ ಕಾರಣ ಹುಡುಕುವ ಈ ಮುದುಕರ ಕೈಕೆಳಗೆ ನನ್ನ ಅರ್ಧ ಆಯುಸ್ಸು ಕಳೆದಿದೆ. ಪೊಲೀಸರೇ ಕೈಚೆಲ್ಲಿದ ಎಷ್ಟೋ ಸಾವುಗಳ ಗುಟ್ಟನ್ನು ಅವರು ಬಿಡಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಈ ಒಂದನ್ನು ಬಿಡಿಸದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ನಮ್ಮದು ಒಳಗಡಲಿನ ದಂಡೆಯ ಸಣ್ಣ ಊರಿನ ಆಸ್ಪತ್ರೆ. ಅಲ್ಲಿ ಡಾಕ್ಟರ್ ಕುರೊಸು ಎಂಬ ಹೊಸಬ ಒಂದು ಔಷಧಿಯ ಪರೀಕ್ಷೆ ನಡೆಸುತ್ತಿದ್ದ. ಎದೆಬಡಿತ ಹದ ತಪ್ಪಿದವರಿಗೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಏರಿ ಲಕ್ವ ಹೊಡೆಯುತ್ತದೆ. ಹಾಗಾಗದಂತೆ ರಕ್ತವನ್ನು ತೆಳುವಾಗಿಸುವ ಹೊಸ ಗುಳಿಗೆ ಅದು. ಅರ್ಧ ಜನಕ್ಕೆ ನಿಜದ ಗುಳಿಗೆ, ಇನ್ನರ್ಧಕ್ಕೆ ನೋಡಲು ಅದೇ ಥರದ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದೆಂದು ರೋಗಿಗಾಗಲಿ ನರ್ಸಿಗಾಗಲಿ ಕುರೊಸುವಿಗಾಗಲಿ ಗೊತ್ತಿರುವುದಿಲ್ಲ. ಆ ಗುಟ್ಟು ಪರೀಕ್ಷೆಯ ಟೋಕಿಯೊ ಕಚೇರಿಯಲ್ಲಿ ಭದ್ರವಾಗಿರುತ್ತದೆ, ಅನಾಹುತವಾದರೆ ಮಾತ್ರ ಬಿಚ್ಚುತ್ತಾರೆ.

ಅನಾಹುತ ಆಗಿತ್ತು. ಹೆಂಗಸರ ವಾರ್ಡಿನ ಉಮೆನೊ ಅಜ್ಜಿ ಹೊಟ್ಟೆಯೊಳಗೆ ರಕ್ತ ಸೋರಿ ಬೆಳಗಿನ ಊಟದ ಹೊತ್ತಿಗೆ ತೀರಿಕೊಂಡಿದ್ದಳು. ದೇಹವನ್ನು ಕೊಯ್ದವರು ನಿಶಿವಾಕಿಯೇ. ರಕ್ತ ಪರೀಕ್ಷೆ ಮಾಡಿದವಳು ನಾನು. ಇರಬೇಕಾದದ್ದರ ಎರಡರಷ್ಟು ಔಷಧಿ ಅದರಲ್ಲಿತ್ತು. ಟೋಕಿಯೊದವರು ಬಿಚ್ಚಿ ನೋಡಿ, ಆಕೆಯದು ನಿಜದ ಗುಳಿಗೆಯೇ ಎಂದರು. ಗುಳಿಗೆ ಹಂಚುತ್ತಿದ್ದವಳು ಚಿಗುಸಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಲ್ಲ ಆಸ್ಪತ್ರೆಗಳಲ್ಲೂ ಇದ್ದದ್ದೇ.

ಹುಡುಗಿಯನ್ನು ಹುಡುಕಿಕೊಂಡು ಕುರೊಸು ಪ್ರಯೋಗಾಲಯಕ್ಕೇ ಬಂದ.

"ಇದರಲ್ಲಿ ಪತ್ತೇದಾರಿಕೆ ಏನಿಲ್ಲ ಸಾರ್," ಎಂದ. "ಇನ್ಯಾರದ್ದೋ ಗುಳಿಗೆ ಬಟ್ಟಲು ಈ ಅಜ್ಜಿ ತಟ್ಟೆಗೆ ಹೋಗಿದೆ. ಕೈತಪ್ಪು. ಔಷಧಿದೇನೂ ದೋಷ ಇಲ್ಲ."

"ಒಂದು ದಿನ ಕೈ ತಪ್ಪಿದ್ರೆ ರಕ್ತದಲ್ಲಿ ಇಷ್ಟು ಏರಲ್ಲ ಕಣಯ್ಯ," ಎಂದರು ನಿಶಿವಾಕಿ. "ವಾರಗಟ್ಟಲೆ ದಿನಾ ಎರಡು ನುಂಗಿರ್ಬೇಕು. ದಿನಾ ತಪ್ಪಿದ್ರೆ ಅದನ್ನ ಕೈತಪ್ಪು ಅಂತಾರಾ? ದಾಸ್ತಾನಿನ ಗುಳಿಗೆ ಲೆಕ್ಕ ಸರಿಯಾಗಿದ್ಯಾ?"

"ಒಂದೂ ಹೆಚ್ಚುಕಮ್ಮಿ ಇಲ್ಲ."

"ಅಂದ್ರೆ ಇನ್ಯಾರೋ ದಿನಾ ಒಂದು ಗುಳಿಗೆ ನುಂಗ್ದೆ ಬಿಟ್ಟಿದಾರೆ. ಚಿಗುಸಾ, ಅವರು ನುಂಗೋದನ್ನ ನೀನು ನಿಂತು ನೋಡ್ತಿದ್ಯಾ?"

ಚಿಗುಸಾ ತಲೆ ತಗ್ಗಿಸಿದಳು. "ನಮ್ಮಜ್ಜಿ ವಯಸ್ಸಿನೋರ ಬಾಯಿ ತೆಗೆಸಿ ಹೇಗೆ ಇಣುಕೋದು ಡಾಕ್ಟ್ರೇ? ನುಂಗಿದ್ರಾ ಅಂತ ಕೇಳ್ತಿದ್ದೆ. ಹೂಂ, ಪರವಾಗಿಲ್ಲ, ನೀನು ಹೋಗಮ್ಮ ಅಂತಿದ್ರು. ರಕ್ತ ಗಿಕ್ತ ಬಂತಾ ಅಂದ್ರೂ ಉಮೆನೊ ಅಜ್ಜಿ ಪರವಾಗಿಲ್ಲ ಅಂತಿದ್ರು."

ನಿಶಿವಾಕಿಯೂ ನಾನೂ ವಾರ್ಡಿಗೆ ಹೋದೆವು, ಕುರೊಸುವೂ ಹಿಂದೆಯೇ ಬಂದ. ಕಿಟಕಿಯ ಪಕ್ಕ ಉಮೆನೊಳ ಮಂಚ ಬರಿದಾಗಿತ್ತು. ಅದರ ಪಕ್ಕದಲ್ಲಿ ಅವಳ ಗೆಳತಿ ಕಿನುಯೊ ಮಲಗಿದ್ದಳು. ಉಮೆನೊ ಸಾಯುವ ಹಿಂದಿನ ದಿನವೇ ಈಕೆಗೆ ಲಕ್ವ ಹೊಡೆದಿತ್ತು. ಬಾಯಿ ಒಂದು ಕಡೆ ಎಳೆದಿತ್ತು, ಬಲಗೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ಕುರೊಸು ನನ್ನ ಕಿವಿಯಲ್ಲಿ, "ಈಕೆಗೆ ಹಿಟ್ಟಿನ ಗುಳಿಗೆ ಸಿಕ್ಕಿರ್ಬೇಕು, ಅದಕ್ಕೇ ಹೀಗಾಗಿದೆ," ಎಂದ. ಆಕೆಯ ನರೆತ ಮುಡಿಯಲ್ಲಿ ಆಮೆಚಿಪ್ಪಿನ ಹಳೆಯ ಬಾಚಣಿಗೆಯೊಂದು ಸಿಕ್ಕಿಸಿತ್ತು. ಅಂಥದ್ದನ್ನು ನಾನು ಶ್ರೀಮಂತರ ಮದುವೆಗಳಲ್ಲಷ್ಟೇ ನೋಡಿದ್ದೆ.

ಎದುರು ಮಂಚದ ತಾಕೆ ಅಜ್ಜಿ ನಮ್ಮನ್ನು ಕಂಡು ನಕ್ಕಳು. "ಹೆಣ ಕೊಯ್ಯೋ ಡಾಕ್ಟ್ರು ಬಂದ್ರಾ? ನನ್ನ ಸರದಿ ಇನ್ನೂ ಬಂದಿಲ್ಲ ಕಣಪ್ಪ, ಆಮೇಲೆ ಬಾ." ನನ್ನ ಕೈಗೆ ಒಂದು ಕಿತ್ತಳೆ ತುರುಕಿದಳು. ನಾನು ಜೇಬು ತಡಕಿ ಎರಡು ಪೆಪ್ಪರಮಿಂಟು ಕೊಟ್ಟೆ. ನಮ್ಮಲ್ಲಿ ಯಾರಾದರೂ ಏನಾದರೂ ಕೊಟ್ಟರೆ ಅದರ ಅರ್ಧ ಬೆಲೆಯದ್ದನ್ನಾದರೂ ಮರಳಿಸಲೇಬೇಕು. ಮರಳಿಸದವಳನ್ನು ಮುಂದೆ ಯಾರೂ ಮಾತಾಡಿಸುವುದಿಲ್ಲ.

"ಅಜ್ಜಿ, ಕಿನುಯೊ ಅವರ ಬಾಚಣಿಗೆ ಚೆನ್ನಾಗಿದೆಯಲ್ಲ," ಎಂದರು ನಿಶಿವಾಕಿ.

"ಉಮೆನೊ ಕೊಟ್ಟಿದ್ದು. ಅವಳಮ್ಮ ಮದುವೇಲಿ ಮುಡಿಸಿದ್ದಂತೆ. ಮರುಕಾಣಿಕೆ ಅಂದ್ಲು. ಯಾವುದಕ್ಕೆ ಮರುಕಾಣಿಕೆ ಅಂತ ಕೇಳಿದ್ರೆ ಇಬ್ಬರೂ ಮೂತಿ ತಿರುವಿದ್ರು. ಕಿನುಯೊ ಒಂದು ಕಿತ್ತಳೆ ಕೊಟ್ಟಿದ್ದನ್ನೂ ನಾನು ಕಂಡಿಲ್ಲ."

"ಗುಳಿಗೆ ವಿಷಯ ಏನಾದ್ರೂ ಮಾತಾಡ್ಕೊತಿದ್ರಾ?"

"ಮತ್ತಿನ್ನೇನು ಮಾತಾಡೋದು ಇಲ್ಲಿ? ನಿಮ್ಮೋರು ಗುಟ್ಟು ಗುಟ್ಟು ಅಂತಾರೆ, ನಮಗೆಲ್ಲ ಗೊತ್ತಪ್ಪ. ಮೈ ತಾಗಿದ ಕಡೆ ನೀಲಿಗಟ್ಟಿದ್ರೆ ನಿಜದ ಗುಳಿಗೆ, ಇಲ್ದಿದ್ರೆ ಹಿಟ್ಟು. ಕಿನುಯೊ ಕೈಯೆಲ್ಲ ಬದನೆಕಾಯಿ ಬಣ್ಣ. ಉಮೆನೊ ಮೈ ಬೆಳ್ಳಗಿತ್ತು, ದಿನಾ ಅಳೋಳು. ಆಮೇಲೆ ಅವಳಿಗೂ ನೀಲಿ ಬಂತು ನೋಡು, ತೋಳು ಮಡಚಿ ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು."

ನಿಶಿವಾಕಿ ಕಿನುಯೊಳ ಎಡ ತೋಳನ್ನು ಮೆಲ್ಲಗೆ ಎತ್ತಿ ನೋಡಿದರು. ಅದರ ಮೇಲೆ ಒಂದು ಕಲೆಯೂ ಇರಲಿಲ್ಲ.

ಲಕ್ವ ಹೊಡೆದ ದಿನ ತೆಗೆದ ಕಿನುಯೊಳ ರಕ್ತ ನಮ್ಮ ಫ್ರಿಜ್ಜಿನಲ್ಲಿತ್ತು. ನಾನು ಪರೀಕ್ಷೆ ಮಾಡಿದೆ. ಔಷಧಿಯ ಸುಳಿವೇ ಇರಲಿಲ್ಲ. ನಿಶಿವಾಕಿ ಟೋಕಿಯೊಗೆ ಫೋನ್ ಮಾಡಿ ಆಕೆಯ ಗುಟ್ಟನ್ನೂ ಬಿಚ್ಚಿಸಿದರು. ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಶಿಗೆಕೊ, ಇದನ್ನ ಬಾಯಿಬಿಡದೆ ಆ ಹುಡುಗೀನ ಬಿಡಿಸೋಕೆ ದಾರಿ ಇದ್ಯಾ?"

"ಇಲ್ಲ ಡಾಕ್ಟ್ರೇ."

"ಕಿನುಯೊ ಕಿವಿಗೆ ಬೀಳದ ಹಾಗೆ ಹೇಳಬಹುದಾ?"

ಅದಕ್ಕೂ ದಾರಿಯಿರಲಿಲ್ಲ. ಆಕೆ ಒಪ್ಪಿಕೊಳ್ಳದೆ ಚಿಗುಸಾಳನ್ನು ಬಿಡುವುದಿಲ್ಲ ಎಂದು ಪೊಲೀಸ್ ಅಧಿಕಾರಿ ಫೋನಿನಲ್ಲೇ ಹಟ ಹಿಡಿದ. ಆಕೆ ಏಳಲಾರಳು. ಹೀಗಾಗಿ ಮಾರನೆಯ ದಿನ ಎಲ್ಲರೂ ಆಕೆಯ ಮಂಚದ ಸುತ್ತಲೇ ಸೇರಿದರು. ಅಧಿಕಾರಿ, ಕುರೊಸು, ಗೋಡೆಗೆ ಒರಗಿ ನಿಂತ ಚಿಗುಸಾ, ತನ್ನ ಮಂಚದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡ ತಾಕೆ ಅಜ್ಜಿ.

ನಿಶಿವಾಕಿ ಮೆಲುದನಿಯಲ್ಲಿ ಶುರುಮಾಡಿದರು. "ಉಮೆನೊ ವಾರಗಟ್ಟಲೆ ಎರಡು ಗುಳಿಗೆ ನುಂಗಿದಾರೆ. ದಾಸ್ತಾನು ಸರಿಯಿದೆ, ಹಾಗಾಗಿ ಎರಡನೇದು ಇನ್ಯಾರದ್ದೋ ಬಟ್ಟಲಿನದು. ಚಿಗುಸಾನೇ ಇಬ್ಬರ ಬಟ್ಟಲನ್ನ ಒಬ್ಬರಿಗೆ ಕೊಟ್ಟಿದ್ರೆ, ಬಟ್ಟಲು ಸಿಗದೇ ಇದ್ದೋರು ಒಂದಿನವಾದ್ರೂ ಕೇಳ್ತಿದ್ರು. ಯಾರೂ ಕೇಳ್ಲಿಲ್ಲ. ಅಂದ್ರೆ ಅವರೇ ಮನಸ್ಸಾರೆ ಕೊಟ್ಟಿದಾರೆ. ಯಾರು? ಉಮೆನೊ ತಮ್ಮ ತಾಯಿ ಬಾಚಣಿಗೇನ ಮರುಕಾಣಿಕೆ ಅಂತ ಕೊಟ್ರು. ಮರುಕಾಣಿಕೆ ಇದ್ಮೇಲೆ ಕಾಣಿಕೆ ಇರ್ಲೇಬೇಕು. ಅದನ್ನ ಯಾರೂ ಕಂಡಿಲ್ಲ. ಅಂಥ ಬಾಚಣಿಗೆ ಬರೀ ಅರ್ಧ ಬೆಲೆ ಆದ್ರೆ, ಪಡೆದದ್ದು ಎಷ್ಟು ದೊಡ್ಡದಿರ್ಬೇಕು? ಪ್ರಾಣ ಉಳಿಸೋ ಅಂಥದ್ದು. ಉಮೆನೊ ಮೈ ನೀಲಿಗಟ್ಟೋಕೆ ಶುರುವಾಯ್ತು, ಬದನೆಕಾಯಿ ಹಾಗಿದ್ದ ಕಿನುಯೊ ಅವರ ತೋಳು ಈಗ ಬೆಳ್ಳಗಿದೆ. ಅವರ ರಕ್ತದಲ್ಲಿ ಔಷಧಿ ಇಲ್ಲವೇ ಇಲ್ಲ. ಕುರೊಸು ಹಿಟ್ಟಿನ ಗುಳಿಗೆ ಅಂದ್ಕೊಂಡ. ಆದ್ರೆ ಟೋಕಿಯೊದೋರು ಕೊಟ್ಟಿದ್ದು ನಿಜದ್ದೇ."

ಅಧಿಕಾರಿ ಬಗ್ಗಿ, "ಹೌದಾ ಅಜ್ಜಿ?" ಎಂದ.

ಕಿನುಯೊ ಹೌದೆಂದು ತಲೆಯಾಡಿಸಿದಳು. ಮಾತು ತೊದಲಿತು. ನಾನು ಹತ್ತಿರ ಕೂತು ಕೇಳಿಸಿಕೊಂಡೆ.

"ಅವಳಿಗೆ ಮನೇಲಿ ಕಿವುಡು ಮಗಳಿದಾಳೆ. ನಾನು ಸತ್ರೆ ಯಾರು ಅಳ್ತಾರೆ? ದೇವರು ನನಗೆ ನಿಜದ್ದು ಕೊಟ್ಟು ಅವಳಿಗೆ ಹಿಟ್ಟು ಕೊಟ್ಟ. ಅದಕ್ಕೇ ಕೊಟ್ಟೆ. ಅವಳ ವಸಡಲ್ಲಿ ರಕ್ತ ಬಂದಾಗ ಇಬ್ಬರೂ ಖುಷಿಪಟ್ವಿ, ಔಷಧಿ ಹತ್ತಿತು ಅಂತ." ಆಮೇಲೆ ನಿಶಿವಾಕಿಯವರ ಮುಖ ನೋಡಿದಳು. "ನನ್ನ ಗುಳಿಗೆ ಸರಿ. ಅವಳದು ಹಿಟ್ಟು ತಾನೇ?"

ನಿಶಿವಾಕಿ ಅವಳ ಹೊದಿಕೆ ಸರಿಪಡಿಸತೊಡಗಿದರು. ಅಷ್ಟು ವರ್ಷಗಳಲ್ಲಿ ಅವರು ಹೇಳಲು ಒಂದು ಸುಳ್ಳಿಗಾಗಿ ತಡಕಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬಾಯಿ ಹಾಕಿದವನು ಕುರೊಸು. ಅವನ ಮುಖ ಅರಳಿತ್ತು. "ಅಲ್ಲ ಅಜ್ಜಿ, ಅವರದೂ ನಿಜದ್ದೇ. ಕೆಲವರ ಮೈ ನೀಲಿಗಟ್ಟಲ್ಲ, ಅಷ್ಟೇ. ನಿಮ್ಮ ನಿಮ್ಮ ಗುಳಿಗೆ ನೀವು ನೀವೇ ನುಂಗಿದ್ರೆ ಇಬ್ಬರೂ ಗುಂಡುಕಲ್ಲಿನ ಹಾಗೆ ಇರ್ತಿದ್ರಿ. ಸಾರ್, ನಮ್ಮ ಔಷಧಿ ಸೋತಿಲ್ಲ ಅಂತ ಆಯ್ತಲ್ಲ."

ಅವನ ಕೆನ್ನೆಗೆ ಹೊಡೆಯಲು ನನ್ನ ಕೈ ಎದ್ದಿತ್ತು. ನಿಶಿವಾಕಿ ಹಿಡಿದುಕೊಂಡರು. ಕಿನುಯೊ ಅಳಲಿಲ್ಲ. ಆಡುತ್ತಿದ್ದ ಎಡಗೈಯಿಂದ ಹೊದಿಕೆಯನ್ನು ಮುಖದವರೆಗೆ ಎಳೆದುಕೊಂಡಳು.

ಚಿಗುಸಾಳ ಮೇಲಿನ ದೂರು ಅಂದೇ ಬಿದ್ದುಹೋಯಿತು. ಇನ್ನು ಮುಂದೆ ಪ್ರತಿಯೊಬ್ಬರೂ ಗುಳಿಗೆ ನುಂಗುವ ತನಕ ನರ್ಸ್ ಎದುರಿಗೇ ನಿಂತಿರಬೇಕು ಎಂಬ ಆಜ್ಞೆ ಬಂತು. ಮರುದಿನ ಬೆಳಿಗ್ಗೆ ನಾನು ವಾರ್ಡಿನ ಮುಂದೆ ಹಾದು ಹೋಗುವಾಗ ಚಿಗುಸಾ ಕಿನುಯೊಳ ಮಂಚದ ಪಕ್ಕ ಮೊಣಕಾಲೂರಿ ಕೂತಿದ್ದಳು. ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಗುಳಿಗೆಯ ಬಟ್ಟಲು.

"ಅಜ್ಜಿ, ನನಗೋಸ್ಕರ ಒಂದ್ಸಲ," ಎನ್ನುತ್ತಿದ್ದಳು. "ನಿಮ್ಮ ಕಾಲಿಗೆ ಬೀಳ್ತೀನಿ. ಬಾಯಿ ತೆಗೀರಿ."

ಕಿನುಯೊ ಅವಳನ್ನು ಪ್ರೀತಿಯಿಂದಲೇ ನೋಡುತ್ತಿದ್ದಳು. ತುಟಿ ಮಾತ್ರ ಬಿಗಿದುಕೊಂಡಿತ್ತು. ಮಧ್ಯಾಹ್ನವೂ ಹಾಗೆಯೇ, ಮಾರನೆಯ ದಿನವೂ ಹಾಗೆಯೇ. ನಿಶಿವಾಕಿ ಹೋಗಿ ಬೇಡಿಕೊಂಡರು, ಬೈದರು, ಕೊನೆಗೆ ಬಾಗಿಲಾಚೆ ಬಂದು ಗೋಡೆ ಹಿಡಿದು ನಿಂತರು. "ಒಬ್ಬಳನ್ನ ಬಿಡಿಸೋಕೆ ಹೋಗಿ ಇನ್ನೊಬ್ಬಳನ್ನ ಕೊಂದೆ ಶಿಗೆಕೊ," ಎಂದರು.

ಆ ವಾರ ಮುಗಿಯುವುದರೊಳಗೆ ಕಿನುಯೊಗೆ ಎರಡನೆಯ ಸಲ ಲಕ್ವ ಹೊಡೆಯಿತು. ಆಗಲೂ ಬಟ್ಟಲು ಹಿಡಿದು ಎದುರಿಗೆ ನಿಂತಿದ್ದವಳು ಚಿಗುಸಾ.