ಪರದೆಯೊಳಗಿನ ಹೆರಳೆ ಗಿಡ

೨೦೬೪ನೇ ಇಸವಿಯ ಒಂದು ಮಧ್ಯಾಹ್ನ ನಂಜನಗೂಡಿನ ಆ ಬೀದಿಯಲ್ಲಿ ಎಲ್ಲರೂ ಹೆರಳೆಕಾಯಿ ಸುಲಿದು ಮೂಗಿಗೆ ಹಿಡಿದು ನಗುತ್ತಿದ್ದರು. ಬೇಕರಿಯವರ ಹಿತ್ತಲಿನ ಕಾಯಿ ಬೆಣ್ಣೆ ಬಿಸ್ಕತ್ತಿನಂತೆ ಘಮಘಮಿಸುತ್ತಿತ್ತು. ಮೇಷ್ಟರ ಮನೆಯದಕ್ಕೆ ಹಳೇ ಪುಸ್ತಕದ ವಾಸನೆ. ಮೂಲೆಮನೆಯ ಕಾಯಿಯಂತೂ ಅವರ ನಾಯಿಯ ಮೈವಾಸನೆ ಹೊತ್ತು ಬಂದು ಬೀದಿಯವರ ಬಾಯಿಗೆ ಸಿಕ್ಕಿಬಿದ್ದಿತ್ತು.

ನಾಲ್ಕು ವರ್ಷದ ಹಿಂದೆ ಈ ಸಸಿಗಳನ್ನು ಹಂಚಿದವರು ಅದೇ ಬೀದಿಯ ಸಸ್ಯವಿಜ್ಞಾನಿ ಡಾ. ಪಲ್ಲವಿ. ನಿಂಬೆಯ ಜಾತಿಗೇ ಸೇರಿದ ಹೆರಳೆಯ ಸಿಪ್ಪೆಯಲ್ಲಿ ಪುಟ್ಟ ಪುಟ್ಟ ಎಣ್ಣೆಚೀಲಗಳಿರುತ್ತವೆ. ಕಾಯಿಯ ಪರಿಮಳವೆಲ್ಲ ಅಲ್ಲೇ. ಪಲ್ಲವಿ ಗಿಡದ ಜೀನುಗಳನ್ನು ತಿದ್ದಿ ಆ ಸ್ವಂತ ಪರಿಮಳವನ್ನು ಅಳಿಸಿದ್ದರು. ಬದಲಿಗೆ ಗಿಡ ಮೊದಲ ಎರಡು ವರ್ಷ ತನ್ನ ಸುತ್ತ ಸುಳಿಯುವ ವಾಸನೆಗಳನ್ನು ಎಲೆಗಳಿಂದ ಹೀರಿ ಗುರುತಿಟ್ಟುಕೊಳ್ಳುತ್ತಿತ್ತು. ಫಲ ಬಿಟ್ಟಾಗ ಅವನ್ನೇ ಸಿಪ್ಪೆಯಲ್ಲಿ ತಯಾರಿಸುತ್ತಿತ್ತು. ಎರಡು ವರ್ಷ ಕಳೆದ ಮೇಲೆ ಏನು ಮಾಡಿದರೂ ಹೊಸದನ್ನು ಕಲಿಯುತ್ತಿರಲಿಲ್ಲ. ಸಸಿಯ ಜೊತೆ ಕೊಟ್ಟ ಚೀಟಿಯ ಮೊದಲ ಸಾಲಿನಲ್ಲಿ ಪಲ್ಲವಿಯೇ ಬರೆದಿದ್ದರು: 'ಮನೆಯವರು ದಿನವೂ ಗಿಡದ ಪಕ್ಕ ಸ್ವಲ್ಪ ಹೊತ್ತು ಕೂರಬೇಕು.'

ಅವರ ಸ್ವಂತ ಹಿತ್ತಲಲ್ಲಿ ಮಾತ್ರ ಯಾರೂ ಕೂತಿರಲಿಲ್ಲ. ಪ್ರಯೋಗವೆಂದ ಮೇಲೆ, ಹೋಲಿಸಿ ನೋಡಲು ಯಾವ ವಾಸನೆಯೂ ಸೋಕದ ಒಂದು ಗಿಡ ಬೇಕಲ್ಲ? ಅದನ್ನು ಪಲ್ಲವಿ ತಮ್ಮ ಕಣ್ಣೆದುರೇ ಇಟ್ಟುಕೊಂಡರು. ಸುತ್ತ ಪ್ಲಾಸ್ಟಿಕ್ ಪರದೆ, ಒಳಗೆ ಸೋಸಿದ ಗಾಳಿ. ಅಕ್ಕ ಭಾರ್ಗವಿ ಮೊರ ಹಿಡಿದು ಹಿತ್ತಲ ಬಾಗಿಲಿಗೆ ಬಂದರೆ ಸಾಕು, ರೇಗುತ್ತಿದ್ದರು.

"ಅಕ್ಕಾ, ಈ ಕಡೆ ಬರಬೇಡ ಅಂತ ಎಷ್ಟು ಸಲ ಹೇಳ್ಲಿ?"

"ಆಯ್ತು ಕಣೇ, ನಿನ್ನ ಗಿಡ ನೀನೇ ಇಟ್ಕೋ" ಎಂದು ಭಾರ್ಗವಿ ಎಲ್ಲಿಗೋ ಹೊರಟುಬಿಡುತ್ತಿದ್ದರು. ಎಲ್ಲಿಗೆ ಎಂದು ಪಲ್ಲವಿ ಕೇಳಿದವರಲ್ಲ.

ಮದುವೆಯ ಗೊಡವೆಗೆ ಹೋಗದೆ ನಲವತ್ತು ವರ್ಷ ಒಂದೇ ಸೂರಿನಡಿ ಬಾಳಿದ ಅಕ್ಕತಂಗಿಯರು. ಹೋದ ವರ್ಷ ಭಾರ್ಗವಿ ತೀರಿಕೊಂಡರು. ಅಂದಿನಿಂದ ಮನೆ ಬಿಕೋ ಎನ್ನುತ್ತಿತ್ತು. ಸೀರೆಗಳಲ್ಲಿ ಉಳಿದಿದ್ದ ಅಕ್ಕನ ವಾಸನೆಯೂ ಮೂರೇ ತಿಂಗಳಲ್ಲಿ ಹಾರಿಹೋಯಿತು. ಪಲ್ಲವಿಗೆ ಉಳಿದದ್ದು ಒಂದೇ ಆಸೆ: ಪರದೆಯ ಸಂದಿಯಲ್ಲಿ ಅದು ಒಂದಿಷ್ಟಾದರೂ ನುಸುಳಿರಬಹುದು. ತನ್ನ ಪ್ರಯೋಗ ಕೆಟ್ಟಿರಲಪ್ಪಾ ಎಂದು ದೇವರಿಗೆ ಹರಕೆ ಹೊತ್ತ ವಿಜ್ಞಾನಿ ಇವರೊಬ್ಬರೇ ಇರಬೇಕು.

ಆ ಮಧ್ಯಾಹ್ನ ಪರದೆ ಸರಿಸಿ ಮೊದಲ ಕಾಯಿ ಕೊಯ್ದರು. ಸಿಪ್ಪೆಗೆ ಉಗುರು ನೆಟ್ಟು ಮೂಸಿದರು. ಏನೂ ಇಲ್ಲ. ಇನ್ನೊಂದು ಕೊಯ್ದರು. ಅದರಲ್ಲೂ ಇಲ್ಲ. ಪ್ರಯೋಗ ಗೆದ್ದಿತ್ತು. ಪಲ್ಲವಿ ಹಿತ್ತಲ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತರು.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ರೂಪಶ್ರೀ ಬಂದರು. ಬ್ಲೌಸ್ ಹೊಲಿಯುವ ಹೆಂಗಸು. ಸೆರಗಿನಲ್ಲಿ ಒಂದು ಕಾಯಿ.

"ನಮ್ಮನೆ ಗಿಡದ್ದು ಮೇಡಂ. ಮಿಷನ್ ಎಣ್ಣೆ ವಾಸನೆ ಬರತ್ತೆ ಅಂದ್ಕೊಂಡಿದ್ದೆ. ನೀವೇ ನೋಡಿ."

ಪಲ್ಲವಿ ಮೂಸಿದರು. ಹುರಿದ ಮೆಂತ್ಯ, ಇಂಗು, ಕೊಬ್ಬರಿ ಎಣ್ಣೆ, ಮಂಡಿನೋವಿನ ಮುಲಾಮು. ಅಕ್ಕ.

"ಇದು... ಹೇಗೆ?"

"ದಿನಾ ಮಧ್ಯಾಹ್ನ ನಮ್ಮ ಗಿಡದ ಪಕ್ಕಾನೇ ಕೂತಿರೋರಲ್ಲ ಮೇಡಂ ಅವ್ರು! ಮೊರದಲ್ಲಿ ಏನಾದ್ರೂ ಆರಿಸ್ಕೊಂಡು ನಿಮ್ ವಿಷ್ಯಾನೇ ಹೇಳೋರು. 'ನಮ್ಮ ಪಲ್ಲವಿಗೆ ಕೆಲಸ ಜಾಸ್ತಿ ಕಣಮ್ಮ, ಮುಗೀಲಿ, ಆಮೇಲೆ ಹೋಗ್ತೀನಿ' ಅನ್ನೋರು. ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ನಡುವೆ ಇದ್ದದ್ದು ಎದೆಮಟ್ಟದ ಒಂದು ಗೋಡೆ, ಅಷ್ಟೆ.

ರೂಪಶ್ರೀ ಹೋದ ಮೇಲೆ ಪಲ್ಲವಿ ವರದಿ ತೆಗೆದು, ಪರದೆಯ ಗಿಡದ ಹೆಸರಿನ ಮುಂದೆ 'ವಾಸನೆ ಇಲ್ಲ' ಎಂದು ತುಂಬಿದರು. ಪಕ್ಕದಲ್ಲಿ ಮುಂದಿನ ಸಸಿಗಳ ಚೀಟಿ ಅಚ್ಚಿಗೆ ಹೋಗಲು ಕಾದಿತ್ತು. ಎಲ್ಲೆಲ್ಲಿಂದಲೋ ಜನ ಸಸಿ ಕೇಳಿದ್ದರು. ಒಂದು ಕೈಯಲ್ಲಿ ಅಕ್ಕನ ಕಾಯಿ ಹಿಡಿದುಕೊಂಡೇ, ಮೊದಲ ಸಾಲನ್ನು ಹೊಡೆದುಹಾಕಿ, ಮೇಲೆ ಬರೆದರು:

'ಮನೆಯಲ್ಲಿ ನಿಮ್ಮವರು ಯಾರಾದರೂ ಇದ್ದರೆ, ಇವತ್ತು ಹೋಗಿ ಅವರ ಪಕ್ಕ ಕೂತುಕೊಳ್ಳಿ. ಗಿಡ ನಾಳೆ ನೆಟ್ಟರೂ ನಡೆಯುತ್ತದೆ.'