ಸೀಟಿನ ಕೆಳಗೆ ಸುತ್ತಿಟ್ಟ ವೈರ್

“ಇರೋ ಸ್ಟಾರ್ಟ್ ಬಟನ್ ಚೆನ್ನಾಗೇ ಇದೆಯಲ್ಲ ಮೇಡಂ. ಇನ್ನೊಂದು ಯಾಕೆ? ಎರಡು ಬಟನ್ ಇದ್ರೆ ಗಾಡಿ ಎರಡು ಪಟ್ಟು ಓಡುತ್ತೆ ಅಂತ ಯಾರಾದ್ರೂ ಹೇಳಿದ್ರಾ?”

ಅಂಗಡಿಯೊಳಗೆ ಕೂತಿದ್ದ ಗಿರಾಕಿಯೊಬ್ಬ ನಕ್ಕ. ಅವಳು ನಗಲಿಲ್ಲ.

ಮೂರು ಬೀದಿ ಅಪ್ಪನ ಬೈಕನ್ನು ತಳ್ಳಿಕೊಂಡೇ ಬಂದಿದ್ದಳು. ಊರಿಗೆಲ್ಲ ಗಾಡಿ ಕಲಿಸಿದ ಮೇಷ್ಟ್ರ ಮಗಳು... ಆದರೆ ಅವಳಿಗೇ ಗಾಡಿ ಬರದು. ಅಪರಿಚಿತರ ಎದುರು ನಿಂತು ನಾಲ್ಕು ಮಾತಾಡುವುದೂ ಅವಳಿಗೆ ಅಷ್ಟೇ ಕಷ್ಟ.

“ಅಪ್ಪನ ಬಲಗೈ ಹೆಬ್ಬೆರಳು ಏಳ್ತಿಲ್ಲ,” ಎಂದಳು, ನೆಲ ನೋಡುತ್ತಲೇ. “ಎಡಗಡೆ ಒಂದು ಬೇಕು.”

ಅವನ ಕೈಯಲ್ಲಿದ್ದ ಟೆಸ್ಟರ್ ಅಲ್ಲೇ ನಿಂತಿತು. ಗಾಡಿಗಳ ಲೈಟು, ಹಾರನ್ನು, ಬ್ಯಾಟರಿ ರಿಪೇರಿ ಮಾಡುವ ಆ ವೈರಿಂಗ್‌ನವನಿಗೆ ತನ್ನ ನಾಲಗೆಯನ್ನೇ ಕಿತ್ತಿಡಬೇಕು ಅನಿಸಿತು.

“ತಪ್ಪಾಯ್ತು ಮೇಡಂ. ನೀವು ಮತ್ತೆ ತಳ್ಕೊಂಡು ಹೋಗೋದು ಬೇಡ. ನಾನೇ ಮನೆಗೆ ತಂದು ಹಾಕಿಕೊಡ್ತೀನಿ.”

ಮನೆಯ ಮುಂದೆ, ತಗಡಿನ ಚಾವಣಿಯ ಕೆಳಗೆ ಕುಳಿತಿದ್ದ ಅವಳ ಅಪ್ಪ, ಬೈಕ್ ತಂದವನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಹನ್ನೆರಡು ವರ್ಷದ ಹಿಂದೆ ಎಂಟರ ಆಕಾರದಲ್ಲಿ ಗಾಡಿ ಓಡಿಸು ಅಂದರೆ ನೇರವಾಗಿ ಚರಂಡಿಗೆ ಓಡಿಸಿದ ಶಿಷ್ಯ! ಅವನು ತಲೆ ಕೆರೆದುಕೊಂಡು, ಆ ಚರಂಡಿ ಈಗಲೂ ಅಲ್ಲೇ ಇದೆ ಮೇಷ್ಟ್ರೇ ಎಂದ. ಎಷ್ಟೋ ದಿನದ ಮೇಲೆ ಅಪ್ಪ ಗಟ್ಟಿಯಾಗಿ ನಕ್ಕಿದ್ದು ಒಳಗಿದ್ದ ಅವಳಿಗೂ ಕೇಳಿಸಿತು.

ಅಪ್ಪನ ಕಾಯಿಲೆಗೆ ಔಷಧಿ ಇರಲಿಲ್ಲ. ನರಗಳು ಒಂದೊಂದಾಗಿ ಸೋಲುತ್ತವೆ, ಕೊನೆಗೆ ಉಸಿರೂ ಸೋಲುತ್ತದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು. ಬೈಕ್ ಓಡಿಸುವ ಮಾತೇ ಇರಲಿಲ್ಲ. ಅಪ್ಪನಿಗೆ ಬೇಕಿದ್ದದ್ದು ಒಂದೇ. ದಿನಾ ಬೆಳಿಗ್ಗೆ ಎಂಟು ಗಂಟೆಗೆ, ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯನ್ನು ತಾವೇ ಸ್ಟಾರ್ಟ್ ಮಾಡಿ ಒಂದು ನಿಮಿಷ ಕಣ್ಣು ಮುಚ್ಚಿ ಕೇಳಬೇಕು. ಮೂವತ್ತು ವರ್ಷ ಪ್ರತಿ ಕ್ಲಾಸನ್ನೂ ಅವರು ಹಾಗೇ ಶುರು ಮಾಡಿದ್ದರು. ಹೊಸ ಶಿಷ್ಯರಿಗೆ ಮೊದಲು ಎಂಜಿನ್ ಕೇಳಿಸಿಕೊಳ್ಳೋದು, ಆಮೇಲೆ ಹ್ಯಾಂಡಲ್.

“ಹಳೇ ಬಟನ್ ತೆಗೆಯಲ್ಲ,” ಎಂದು ವೈರಿಂಗ್‌ನವನು ಅವಳಿಗೆ ವಿವರಿಸಿದ. “ಅದರಿಂದಲೇ ಎರಡು ವೈರ್ ಎಳೆದು ಹೊಸದಕ್ಕೆ ಕೊಡ್ತೀನಿ. ಯಾವುದು ಒತ್ತಿದ್ರೂ ಗಾಡಿಗೆ ಒಂದೇ.”

ಅಪ್ಪ ಅವಳನ್ನು ಟೀ ಮಾಡಲು ಒಳಗೆ ಕಳಿಸಿದರು. ಅವಳು ಲೋಟ ಹಿಡಿದು ಬರುವಷ್ಟರಲ್ಲಿ ಎಡ ಹ್ಯಾಂಡಲ್ ಮೇಲೆ ಹಸಿರು ಬಟನ್ ಕೂತಿತ್ತು. ಅಪ್ಪ ಎಡ ಹೆಬ್ಬೆರಳಿನಿಂದ ಒತ್ತಿದರು. ಗಾಡಿ ಗುಡುಗಿತು. ಅವನು ಮಾತ್ರ ಯಾಕೋ ಮುಖ ತಗ್ಗಿಸಿ ಚಹಾ ಕುಡಿದು, ಬೇಗ ಹೊರಟುಬಿಟ್ಟ.

ನಾಲ್ಕು ತಿಂಗಳಿಗೆ ಎಡ ಹೆಬ್ಬೆರಳೂ ಸೋತಿತು. ಅವಳು ಫೋನ್ ಮಾಡಿದಳು. ಅವನು ಬಂದು ಬಟನ್ನನ್ನು ಟ್ಯಾಂಕಿನ ಮೇಲೆ ತಂದ, ಅಂಗೈಯಿಂದ ಒತ್ತುವಷ್ಟು ದೊಡ್ಡದು. ಇನ್ನೂ ಮೂರು ತಿಂಗಳಿಗೆ ಅಪ್ಪ ಬೈಕ್ ಹತ್ತಲಾರದಾದರು. ಬಟನ್ ಕುರ್ಚಿಯ ಕೈಗೆ ಬಂತು, ಮೊಣಕೈ ಕೆಳಗೆ.

ನಡುವೆ ಬ್ಯಾಟರಿಗೆ ನೀರು, ಫ್ಯೂಸು ಅಂತ ಅವನು ಆಗೀಗ ಬರುತ್ತಿದ್ದ. ಬಂದಾಗಲೆಲ್ಲ ಅಪ್ಪನಿಗೆ ಊರಿನ ಸುದ್ದಿ ಹೇಳುತ್ತಿದ್ದ. ಮೇಷ್ಟ್ರ ಕೈಯಲ್ಲಿ ಕಲಿತವರು ಯಾರು ಯಾರು ಎಲ್ಲೆಲ್ಲಿ ಬಿದ್ದರು ಎಂದು ಬಣ್ಣಿಸಿ ನಗಿಸುತ್ತಿದ್ದ. ಅವಳಿಗೆ ಮಾತ್ರ ಹೊರಡುವಾಗ ಒಂದೇ ಮಾತು, “ನೀವು ಊಟ ಮಾಡಿದ್ರಾ?” ಆ ಮನೆಯಲ್ಲಿ ಅವಳನ್ನು ಹಾಗೆ ಕೇಳುವವರು ಬೇರೆ ಯಾರೂ ಇರಲಿಲ್ಲ. ಅಮ್ಮ ಹೋಗಿ ಹತ್ತು ವರ್ಷವಾಗಿತ್ತು.

ಒಂದು ಮಧ್ಯಾಹ್ನ ಅವಳು ತನ್ನ ಡೈರಿ ತಿರುವಿದಳು. ‘ಇವತ್ತು ಅವರು ಬಂದಿದ್ದರು’ ಎಂದು ಮೂರು ಕಡೆ ಕೆಳಗೆ ಗೆರೆ ಎಳೆದು ಬರೆದಿತ್ತು. ಆ ಮೂರು ದಿನಾಂಕಗಳನ್ನು ಮತ್ತೆ ನೋಡಿದಳು.

ಬಲ ಹೆಬ್ಬೆರಳು ಸೋತ ದಿನ. ಎಡ ಹೆಬ್ಬೆರಳು ಸೋತ ದಿನ. ಅಪ್ಪ ಬೈಕಿನಿಂದ ಕೊನೆಯ ಸಲ ಇಳಿದ ದಿನ.

‘ಅಪ್ಪ ಒಂದೊಂದೇ ಕಳೆದುಕೊಂಡ ದಿನಗಳಿಗೆ ನಾನು ಕಾದು ಕೂತಿದ್ದೆನಾ...?’

ಡೈರಿಯನ್ನು ಬಟ್ಟೆಗಳ ಅಡಿಗೆ ತಳ್ಳಿದಳು. ಆ ವಾರವೆಲ್ಲ ಅಪ್ಪನ ಮುಖ ನೋಡಲಾಗಲಿಲ್ಲ.

ಅದೇ ವಾರ ಗಾಡಿಯ ಇನ್ಶೂರೆನ್ಸ್ ಕಾಗದ ಇಡಲು ಸೀಟು ಎತ್ತಿದವಳಿಗೆ, ಕೆಳಗೆ ಅಚ್ಚುಕಟ್ಟಾಗಿ ಸುತ್ತಿಟ್ಟ ವೈರ್ ಕಂಡಿತು. ಮೊದಲ ದಿನ ಹಾಕಿ, ಈಗ ಕುರ್ಚಿಗೆ ಬಂದಿದ್ದ ವೈರಿನದೇ ಮಿಕ್ಕ ಉದ್ದ, ನಡುವೆ ಎಲ್ಲೂ ಜೋಡಿಸಿರಲಿಲ್ಲ. ಅದರ ಒಂದು ಕಡೆ ಬಿಳಿ ಟೇಪ್ ಅಂಟಿಸಿತ್ತು. ಟೇಪಿನ ಮೇಲೆ ಪೆನ್ನಿನಲ್ಲಿ, ಸೊಟ್ಟ ಅಕ್ಷರದಲ್ಲಿ, ಒಂದೇ ಪದ.

‘ಹಾಸಿಗೆ.’

ಸೀಟು ಹಾಗೇ ಬಿಟ್ಟು ಒಳಗೆ ಹೋದಳು.

ಫೋನ್ ಮಾಡಿ, ಬನ್ನಿ ಎಂದಷ್ಟೇ ಹೇಳಿದಳು. ಅರ್ಧ ಗಂಟೆಯಲ್ಲಿ ಅವನು ತಲೆ ಬಾಚಿಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದ. ಅವಳು ಮೆಟ್ಟಿಲ ಮೇಲೇ ಅವನನ್ನು ತಡೆದು ವೈರ್ ತೋರಿಸಿದಳು.

“ಮೊದಲ ದಿನವೇ ಹಾಸಿಗೆ ತನಕ ಅಳತೆ ತಗೊಂಡಿದ್ರಿ. ಅಲ್ವಾ?”

ಅವನು ವೈರ್ ನೋಡಿದ. ಒಳಗೆ ಕುರ್ಚಿಯಲ್ಲಿ ಕಣ್ಣು ಮುಚ್ಚಿದ್ದ ಮೇಷ್ಟ್ರನ್ನು ನೋಡಿದ.

“ನಮ್ಮಪ್ಪ ನಗ್ತಾ ನಿಮ್ಮ ಜೊತೆ ಮಾತಾಡ್ತಿದ್ರು. ನೀವು ಅವರಿಗೆ ಅಳತೆ ಹಾಕ್ತಿದ್ರಿ. ಇನ್ನು ಬರಬೇಡಿ.”

ಜೀವನದಲ್ಲಿ ಅವಳು ಯಾರ ಮೇಲೂ ಹಾಗೆ ರೇಗಿರಲಿಲ್ಲ. ರೇಗಿದ್ದು ಅರ್ಧ ತನ್ನ ಮೇಲೇ ಎಂಬುದು ಅವಳಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಆಗಲಿ ಮೇಡಂ ಎಂದು ಅವನು ಹೊರಟುಹೋದ. ಅವತ್ತು ಮಾತ್ರ, ಊಟ ಮಾಡಿದ್ರಾ ಎಂದು ಕೇಳಲಿಲ್ಲ.

ತಿಂಗಳೊಳಗೆ ಮೊಣಕೈಯೂ ಸೋತಿತು. ಅಪ್ಪನನ್ನು ಕಿಟಕಿ ಪಕ್ಕದ ಹಾಸಿಗೆಗೆ ಮಲಗಿಸಿದ್ದಾಯಿತು. ಎಂಟು ಗಂಟೆಗೆ ಅವಳೇ ಹೋಗಿ ಹಳೇ ಬಟನ್ ಒತ್ತಿದಳು. ಅಪ್ಪ ಗೋಡೆ ಕಡೆ ಮುಖ ತಿರುಗಿಸಿಕೊಂಡರು.

ಮರುದಿನವೂ ಹಾಗೇ. ಮೂರನೇ ದಿನ ಅವಳು ಒತ್ತಲಿಲ್ಲ. ಹಾಗೇ ಇಪ್ಪತ್ತು ದಿನ ಕಳೆದವು. ಎಂಟು ಗಂಟೆ ಬರುವುದು, ಹೋಗುವುದು. ಅಪ್ಪನ ಮಾತು ಆಗಲೇ ತೊದಲಾಗಿತ್ತು, ಈಗ ನಿಂತೇಹೋಗುವ ಹಾಗಿತ್ತು.

ಆಮೇಲೆ ಒಂದು ಬೆಳಿಗ್ಗೆ ಅಪ್ಪ ಕೇಳಿದರು. “ಪುಟ್ಟಿ... ಅವನೆಲ್ಲಿ?”

ಅವಳಿಗೆ ಮುಚ್ಚಿಡಲಾಗಲಿಲ್ಲ. ವೈರ್, ಟೇಪು, ತಾನು ಆಡಿದ ಮಾತು ಎಲ್ಲ ಹೇಳಿದಳು. ಅಪ್ಪ ಒಂದೊಂದೇ ಪದ ಹೊರಗೆ ತಳ್ಳಿದರು.

“ಟೇಪ್... ತಾ.”

ತಂದು ಕಣ್ಣೆದುರು ಹಿಡಿದಳು.

“ನನ್ನ ಅಕ್ಷರ... ಎಡಗೈದು. ಬಲಗೈಲಿ ಪೆನ್ನು ನಿಲ್ತಿರಲಿಲ್ಲ. ಅವನು ಬರೆಯಲ್ಲ ಅಂದ... ಅತ್ತ.” ಉಸಿರು ಎಳೆದುಕೊಂಡರು. “ಜಾಯಿಂಟ್ ಹಾಕಿದ ವೈರು ನಂಬೋಕಾಗಲ್ಲ. ಒಂದೇ ಉದ್ದ ಬಿಡು ಅಂದೆ. ನಿನಗೆ ಹೇಳಬೇಡ... ಅಂದೆ.”

ಟೀ ಮಾಡಲು ತನ್ನನ್ನು ಒಳಗೆ ಕಳಿಸಿದ್ದು ಅವಳಿಗೆ ನೆನಪಾಯಿತು. ಮೂವತ್ತು ವರ್ಷದ ಹಾಜರಿ ಪುಸ್ತಕಗಳಲ್ಲಿ ಅಪ್ಪನ ದುಂಡು ಅಕ್ಷರ ನೋಡಿ ಬೆಳೆದವಳು, ಇದನ್ನು ಗುರುತಿಸದೇ ಹೋದಳು.

ಅಪ್ಪನ ಕೈ ಹಿಡಿದುಕೊಂಡು ಅತ್ತಳು. ಆ ಕೈ ತಿರುಗಿ ಅವಳ ಕೈ ಹಿಡಿಯಲಿಲ್ಲ. ಹಿಡಿಯುವ ಶಕ್ತಿ ಇರಲಿಲ್ಲ.

ಅಂಗಡಿಯಲ್ಲಿ ಅವನು ಯಾವುದೋ ಸ್ಕೂಟರಿನ ಹೆಡ್‌ಲೈಟ್ ಬಿಚ್ಚಿಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

“ಅಪ್ಪ ಎಲ್ಲ ಹೇಳಿದ್ರು,” ಎಂದಳು. “ನೀವು ಯಾಕೆ ಹೇಳಲಿಲ್ಲ?”

“ಮೇಷ್ಟ್ರು ಬೇಡ ಅಂದಿದ್ರು.” ಅವನು ಕೈ ಒರೆಸುತ್ತಲೇ ಇದ್ದ. “ಮತ್ತೆ... ನೀವು ಬೈದದ್ದು ಪೂರ್ತಿ ಸುಳ್ಳೂ ಅಲ್ಲ ಮೇಡಂ. ನಿಮ್ಮ ಫೋನ್ ಬಂದಾಗಲೆಲ್ಲ ನನಗೆ ಖುಷಿಯಾಗ್ತಿತ್ತು. ಆಮೇಲೆ ಯಾಕೆ ಬಂತು ಅಂತ ನೆನಪಾಗಿ, ಕನ್ನಡಿ ನೋಡ್ಕೊಳ್ಳೋಕೂ ನಾಚಿಕೆ ಆಗ್ತಿತ್ತು.”

ಅವಳು ಅವನ ಮುಖ ನೋಡಿದಳು. ಮೊದಲ ಸಲ, ನೇರವಾಗಿ.

“ನೀವು ಬಂದ ದಿನ ಬರೆದಿಡ್ತಿದ್ದ ಡೈರಿನ ನಾನೂ ಮುಚ್ಚಿಟ್ಟೆ,” ಎಂದಳು ಮೆಲ್ಲಗೆ. “ಅದೇ ನಾಚಿಕೆಗೆ.”

ಅವನಿಗೆ ಅರ್ಥವಾಯಿತು. ಅಪ್ಪ ಈಗ ಹಾಸಿಗೆಯಲ್ಲಿ, ಗಾಡಿ ಇಪ್ಪತ್ತು ದಿನದಿಂದ ನಿಂತಿದೆ ಎಂದಳು. ಆಮೇಲೆ ಅವನು ಚಾರ್ಜ್ ಆಗಿದ್ದ ಒಂದು ಬ್ಯಾಟರಿಯನ್ನು ಕೈಗೆತ್ತಿಕೊಂಡ. ಇಪ್ಪತ್ತು ದಿನ ನಿಂತ ಗಾಡಿಯದು ಇಳಿದಿರುತ್ತದೆ ಎಂದು ಕೇಳದೆಯೇ ಅವನಿಗೆ ಗೊತ್ತಿತ್ತು.

ವೈರ್ ಕಿಟಕಿಯಿಂದ ಒಳಗೆ ಬಂತು. ಟೇಪ್ ಇದ್ದ ಜಾಗ ಸರಿಯಾಗಿ ಹಾಸಿಗೆಯ ಅಂಚಿಗೇ ಮುಟ್ಟಿತು. ಮೇಷ್ಟ್ರ ಲೆಕ್ಕ ಒಂದು ಬೆರಳೂ ತಪ್ಪಿರಲಿಲ್ಲ. ಬಟನ್ ದಿಂಬಿನ ಮೇಲೆ ಕೂತಿತು, ಕೆನ್ನೆಯ ಪಕ್ಕ.

ಅಪ್ಪ ಕೆನ್ನೆ ಹೊರಳಿಸಿದರು. ಹೊರಗೆ ಗಾಡಿ ಗುಡುಗಿತು. ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅವನ ಕಡೆ ನೋಡಿ, ಚರಂಡಿ... ಎಂದರು. ಮೂವರೂ ನಕ್ಕರು. ಅವಳು ನಗುತ್ತಲೇ ಅಡುಗೆಮನೆಗೆ ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವೈರ್ ಪೂರ್ತಿ ಮುಗಿದಿತ್ತು. ಇನ್ನು ಸೀಟಿನ ಕೆಳಗೆ ಏನೂ ಉಳಿದಿರಲಿಲ್ಲ.

ಮರುದಿನ ಎಂಟಕ್ಕೆ ಐದು ನಿಮಿಷ ಇರುವಾಗ ಅವನು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಟೆಸ್ಟರ್ ಇರಲಿಲ್ಲ, ಚೀಲ ಇರಲಿಲ್ಲ.

ಅವಳು ಬಾಗಿಲಿಗೆ ಬಂದಳು. “ಇವತ್ತು ಏನೂ ಕೆಟ್ಟಿಲ್ಲ.”

“ಗೊತ್ತು,” ಎಂದ. “ಅದಕ್ಕೇ ಬಂದೆ. ಇನ್ನು ಮೇಲೆ ಏನೂ ಕೆಡದ ದಿನಾನೂ ಬರ್ತೀನಿ. ಕೆಟ್ಟ ದಿನಾನೂ ಇಲ್ಲೇ ಇರ್ತೀನಿ. ನೀವು ಒಪ್ಪಿದ್ರೆ.”

ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

“ಊಟ ಮಾಡಿದ್ರಾ ಅಂತ ಕೇಳಲ್ವಾ?”

“ಬೆಳಿಗ್ಗೆ ಎಂಟಕ್ಕಾ ಮೇಡಂ?”

“ಮೇಡಂ ಬೇಡ,” ಎಂದಳು.

ಹೊರಗೆ ಗಾಡಿ ಸ್ಟಾರ್ಟ್ ಆಯಿತು. ಇಬ್ಬರೂ ನಿಂತಲ್ಲೇ ನಿಂತು, ಆ ಒಂದು ನಿಮಿಷ ಕೇಳಿದರು.